ಕಾಯುವ ಗಾಡಿಗೆ ಯಾರ ದುಡ್ಡು?

ಕೇರಳದ ಗಡಿಜಿಲ್ಲೆ ಕಾಸರಗೋಡಿನ ನಮ್ಮ ಪೇಟೆಯ ಕ್ಲಬ್ಬಿನ ಪಕ್ಕದಲ್ಲಿ ಒಂದು ಆಂಬ್ಯುಲೆನ್ಸ್ ನಿಂತಿದೆ. ನಿಂತಿದೆ ಎಂದರೆ ನಿಂತೇ ಇದೆ. ಮುಂದಿನ ಬಲಚಕ್ರದ ಗಾಳಿ ಇಳಿದು ಗಾಡಿ ಒಂದು ಕಡೆಗೆ ವಾಲಿದೆ. ಬಾನೆಟ್ಟಿನ ಮೇಲೆ ಕನ್ನಡಿಯಲ್ಲಿ ಓದಲೆಂದು ತಿರುವುಮುರುವಾಗಿ ಬರೆದ ಕೆಂಪು ಅಕ್ಷರಗಳು ಬಿಸಿಲಿಗೆ ಗುಲಾಬಿಯಾಗಿವೆ. ವೈಪರಿನ ಎಡೆಯಲ್ಲಿ ಗೇರುಮರದ ಎಲೆಗಳು ಒಣಗಿ ಕುಳಿತಿವೆ. ಹಿಂಬಾಗಿಲಿನ ಗಾಜಿನಿಂದ ಇಣುಕಿದರೆ ಸ್ಟ್ರೆಚರಿನ ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ಪೂರ್ತಿ ಬಿಚ್ಚಿಲ್ಲ. ದಾನಿಗಳ ಹೆಸರಿನ ಸ್ಟಿಕ್ಕರ್ ಮಾತ್ರ ಮೊದಲ ದಿನದ ಹಾಗೆಯೇ ಹೊಳೆಯುತ್ತಿದೆ. ಉದ್ಘಾಟನೆಗೆ ನಾನೂ ಹೋಗಿದ್ದೆ. ಚೆಂಡೆ ಇತ್ತು, ಪಾಯಸವೂ ಇತ್ತು.

ಗಾಡಿ ಕೆಟ್ಟು ನಿಂತದ್ದಲ್ಲ. ಮೊದಲ ವರ್ಷ ಊರಿನ ಹುಡುಗನೊಬ್ಬ ಓಡಿಸಿದ. ಬಾಡಿಗೆ ಸಿಕ್ಕಿದ ದಿನ ಅವನಿಗೆ ದುಡ್ಡು, ಸಿಗದ ದಿನ ಇಲ್ಲ. ಹಾಗೆಂದು ಬೇರೆ ಕೆಲಸಕ್ಕೆ ಹೋಗುವಂತೆಯೂ ಇರಲಿಲ್ಲ, ಯಾವ ಗಳಿಗೆಯಲ್ಲಿ ಫೋನ್ ಬರುತ್ತದೆಂದು ಗೊತ್ತಿಲ್ಲವಲ್ಲ. ಗಾಡಿ ಓಡಿದರೆ ಹೊಟ್ಟೆಗೆ ಉಂಟು ಮಾಷ್ಟ್ರೇ, ನಿಂತರೆ ಏನು ಮಾಡುವುದು ಎಂದು ಒಂದು ದಿನ ಕೇಳಿದ. ಆಮೇಲೆ ದುಬೈಗೆ ಹೋದ.

ಅವನ ಪ್ರಶ್ನೆಯಲ್ಲಿ ತುರ್ತು ಚಿಕಿತ್ಸೆಯ ಇಡೀ ಅರ್ಥಶಾಸ್ತ್ರ ಅಡಗಿದೆ. ಆಂಬ್ಯುಲೆನ್ಸಿನ ಮುಖ್ಯ ಕೆಲಸ ಓಡುವುದಲ್ಲ, ಕಾಯುವುದು. ದಿನದ ಇಪ್ಪತ್ತನಾಲ್ಕು ಗಂಟೆಯಲ್ಲಿ ಅದು ಓಡುವುದು ನಾಲ್ಕೈದು ಗಂಟೆ ಇದ್ದೀತು. ಉಳಿದ ಹೊತ್ತು ಆಕ್ಸಿಜನ್ ತುಂಬಿಕೊಂಡು, ಡೀಸೆಲ್ ತುಂಬಿಕೊಂಡು, ಕೈ ಪಳಗಿದ ಇಬ್ಬರು ಮನುಷ್ಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಸುಮ್ಮನೆ ನಿಂತಿರಬೇಕು. ಹಾಗೆ ನಿಂತಿದ್ದರಷ್ಟೇ ಎದೆನೋವು ಬಂದವನ ಮನೆಗೆ ಹತ್ತು ನಿಮಿಷದಲ್ಲಿ ತಲುಪೀತು. ಈ ಕಾಯುವಿಕೆಗೆ ಕೂಲಿ ಕೊಡುವವರು ಯಾರು?

ರೋಗಿ ಕೊಡುವುದಿಲ್ಲ. ಅವನು ಕೊಡುವುದು ಪ್ರಯಾಣದ ಬಾಡಿಗೆ. ಕೇರಳ ಸರಕಾರ 2024ರಲ್ಲಿ ಖಾಸಗಿ ಆಂಬ್ಯುಲೆನ್ಸುಗಳಿಗೆ ದರ ಗೊತ್ತುಪಡಿಸಿತು. ಐಸಿಯು ಸೌಲಭ್ಯದ ಗಾಡಿಗೆ ಮೊದಲ 20 ಕಿಲೋಮೀಟರಿಗೆ 2,500 ರೂಪಾಯಿ, ಮೇಲಿನ ಪ್ರತಿ ಕಿಲೋಮೀಟರಿಗೆ 50 ರೂಪಾಯಿ. ಎಸಿ ಇಲ್ಲದ ಸಣ್ಣ ಓಮ್ನಿಗಾದರೆ 600 ಮತ್ತು 20. ಆ ಪಟ್ಟಿಯಲ್ಲಿ ಕಾಯುವ ಬಾಡಿಗೆ ಎಂಬ ಸಾಲೂ ಇದೆ, ಆದರೆ ಅದು ಆಸ್ಪತ್ರೆಯ ಬಾಗಿಲಲ್ಲಿ ಮೊದಲ ಗಂಟೆ ಕಳೆದ ಮೇಲೆ ಕಾಯುವುದಕ್ಕೆ. ಕರೆ ಬರುವ ಮೊದಲು ಕಾಯುವುದಕ್ಕೆ ಯಾವ ಪಟ್ಟಿಯಲ್ಲೂ ದರವಿಲ್ಲ.

ದಾನಿಯೂ ಕೊಡುವುದಿಲ್ಲ. ಕಾಸರಗೋಡಿನವರು ದಾನದಲ್ಲಿ ಕೈ ಹಿಂದೆ ಮಾಡುವವರಲ್ಲ. ಕ್ಲಬ್ಬು, ಮಸೀದಿ, ದೇವಸ್ಥಾನ, ಕೊಲ್ಲಿಯಲ್ಲಿರುವ ಊರವರ ಕೂಟ, ಎಲ್ಲರೂ ಗಾಡಿ ಕೊಟ್ಟಿದ್ದಾರೆ. ಗಾಡಿ ಕಣ್ಣಿಗೆ ಕಾಣುವ ವಸ್ತು, ಅದರ ಮೇಲೆ ಹೆಸರು ಬರೆಯಿಸಬಹುದು. ಚಾಲಕನ ಹನ್ನೊಂದನೇ ತಿಂಗಳ ಸಂಬಳದ ಮೇಲೆ ಹೆಸರು ಬರೆಯಿಸಲು ಬರುವುದಿಲ್ಲ. ಸಂಸದರ ನಿಧಿಯ ಕತೆಯೂ ಇಷ್ಟೇ. ಅದರಿಂದ ಆಂಬ್ಯುಲೆನ್ಸ್ ಕೊಳ್ಳಬಹುದು, ವರ್ಷವರ್ಷದ ಖರ್ಚಿಗೆ ಅದು ಒದಗುವುದಿಲ್ಲ. ಹಾಗಾಗಿ ನಮ್ಮಲ್ಲಿ ಗಾಡಿಗೆ ಬರವಿಲ್ಲ, ಓಡುವ ಗಾಡಿಗೆ ಬರ.

ಸರಕಾರದ 108 ಇದೆಯಲ್ಲ ಎಂದು ಕೇಳಬಹುದು. ಇದೆ, ಮತ್ತು ಅದು ಸಣ್ಣ ಸಾಧನೆಯೂ ಅಲ್ಲ. 2005ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಆ ಮೂರಂಕಿಯ ಪದ್ಧತಿ 2008ರಲ್ಲಿ ಕರ್ನಾಟಕಕ್ಕೆ ಆರೋಗ್ಯ ಕವಚವಾಗಿ ಬಂತು. ಕೇರಳದಲ್ಲಿ 2019ರ ಸೆಪ್ಟೆಂಬರಿನಲ್ಲಿ ‘ಕನಿವ್’ ಎಂಬ ಹೆಸರಿನಲ್ಲಿ 315 ಗಾಡಿಗಳೊಂದಿಗೆ ಇಡೀ ರಾಜ್ಯಕ್ಕೆ ಹಬ್ಬಿತು. ರೋಗಿ ಒಂದು ಪೈಸೆ ಕೊಡಬೇಕಾಗಿಲ್ಲ. ಚಾಲಕನನ್ನು ಅಲ್ಲಿ ಪೈಲಟ್ ಎನ್ನುತ್ತಾರೆ, ಜತೆಗೆ ತರಬೇತಾದ ಇಎಂಟಿ, ಅಂದರೆ ತುರ್ತು ಚಿಕಿತ್ಸೆಯ ತಂತ್ರಜ್ಞ, ಒಬ್ಬರು ಇರುತ್ತಾರೆ. ಆದರೆ ಹದಿನಾಲ್ಕು ಜಿಲ್ಲೆಗೆ 315 ಎಂದರೆ ಜಿಲ್ಲೆಗೆ ಸರಾಸರಿ ಇಪ್ಪತ್ತೆರಡು. ಕಾಸರಗೋಡು ಜಿಲ್ಲೆಯಲ್ಲಿ 38 ಗ್ರಾಮ ಪಂಚಾಯತುಗಳು, ಮೂರು ನಗರಸಭೆಗಳಿವೆ. ಸರಾಸರಿಯಷ್ಟು ಸಿಕ್ಕರೂ ಎರಡು ಪಂಚಾಯತಿಗೆ ಒಂದು ಗಾಡಿಯ ಲೆಕ್ಕ. ಎಣ್ಮಕಜೆ, ದೇಲಂಪಾಡಿಯಂಥ ಗುಡ್ಡಗಾಡಿನಲ್ಲಿ ನಕಾಶೆಯ ಹತ್ತು ಕಿಲೋಮೀಟರ್ ರಸ್ತೆಯಲ್ಲಿ ಹದಿನೆಂಟು ಆಗುತ್ತದೆ. ಇನ್ನೊಂದು ತೊಡಕು, ಹಣ ಬರುವುದು ತಿರುವನಂತಪುರದಿಂದ. ಅಲ್ಲಿ ಬಾಕಿ ಉಳಿದರೆ ಇಲ್ಲಿ ಸಂಬಳ ನಿಲ್ಲುತ್ತದೆ. ಸಂಬಳ ತಡವಾಯಿತೆಂದು 2024ರಲ್ಲಿ 108ರ ನೌಕರರು ಮುಷ್ಕರ ಹೂಡಿದ್ದನ್ನು ನಾವು ನೋಡಿದ್ದೇವೆ. ಐನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಖಜಾನೆಗೆ ಜ್ವರ ಬಂದರೆ ಮಂಜೇಶ್ವರದ ಗಾಡಿ ಮಲಗುತ್ತದೆ.

ಈ ದೂರವನ್ನು ಅಮೆರಿಕದ ಕೆಲವು ರಾಜ್ಯಗಳು ಬೇರೆ ರೀತಿಯಲ್ಲಿ ನೀಗಿಸಿಕೊಂಡಿವೆ. ಅಲ್ಲಿ ಊರಿನ ತುರ್ತು ವೈದ್ಯಕೀಯ ಸೇವೆಗೆಂದೇ ಆಸ್ತಿ ತೆರಿಗೆಯ ಮೇಲೆ ಪ್ರತ್ಯೇಕ ವಂತಿಗೆ ಹಾಕುತ್ತಾರೆ. ವಾಷಿಂಗ್ಟನ್ ರಾಜ್ಯದ ಕಾನೂನಿನಲ್ಲಿ ಆಸ್ತಿಯ ಪ್ರತಿ ಸಾವಿರ ಡಾಲರ್ ಬೆಲೆಗೆ ಗರಿಷ್ಠ 50 ಸೆಂಟ್ ಎಂದು ಮಿತಿ ಇದೆ. ಅದನ್ನು ಅಧಿಕಾರಿಗಳು ತಾವಾಗಿ ಹೇರುವಂತಿಲ್ಲ, ಮತದಾರರು ಒಪ್ಪಬೇಕು. ಮೊದಲ ಸಲ ಹಾಕುವಾಗ ನೂರಕ್ಕೆ ಅರುವತ್ತು ಮಂದಿ ಹೌದು ಎನ್ನಬೇಕು, ಅವಧಿ ಆರು ವರ್ಷ ಅಥವಾ ಹತ್ತು ವರ್ಷ, ಕೆಲವು ಕಡೆ ಶಾಶ್ವತ. ಕೌಂಟಿ ಎಂದರೆ ನಮ್ಮ ಜಿಲ್ಲೆಯಂತೆ; ಸಿಯಾಟಲ್ ನಗರವಿರುವ ಕಿಂಗ್ ಕೌಂಟಿಯಲ್ಲಿ ಈ ವಂತಿಗೆ 1979ರಿಂದ ನಡೆದುಬಂದಿದೆ. 2025ರ ನವೆಂಬರಿನಲ್ಲಿ ಮತದಾರರು ಅದನ್ನು ಇನ್ನೂ ಆರು ವರ್ಷಕ್ಕೆ ಒಪ್ಪಿದರು, ದರ ಸಾವಿರಕ್ಕೆ 25 ಸೆಂಟ್. 8 ಲಕ್ಷ ಡಾಲರಿನ ಮನೆಯಿದ್ದವರಿಗೆ ವರ್ಷಕ್ಕೆ 200 ಡಾಲರ್ ಬೀಳುತ್ತದೆ. ಆರು ವರ್ಷಕ್ಕೊಮ್ಮೆ ಊರವರ ಮುಂದೆ ಲೆಕ್ಕ ಒಪ್ಪಿಸಿ, ನಿಮಗೆ ಈ ಗಾಡಿ ಬೇಕೋ ಬೇಡವೋ ಎಂದು ಕೇಳುವ ಈ ಕ್ರಮ ನನಗೆ ಹಿಡಿಸುತ್ತದೆ.

ಅಲ್ಲಿಯೂ ಎಲ್ಲವೂ ಸುಸೂತ್ರವಿಲ್ಲ. ಅದೇ ರಾಜ್ಯದಲ್ಲಿ ಹೊಸ ಕಟ್ಟಡಗಳಿಂದ ಬರುವುದನ್ನು ಬಿಟ್ಟರೆ ಆಸ್ತಿ ತೆರಿಗೆಯ ಒಟ್ಟು ವಸೂಲಿ ವರ್ಷಕ್ಕೆ ನೂರಕ್ಕೆ ಒಂದಕ್ಕಿಂತ ಹೆಚ್ಚು ಏರಬಾರದೆಂಬ ಕಟ್ಟು ಇದೆ. ಸಂಬಳ, ಇಂಧನ, ಔಷಧಿ ಒಂದರಲ್ಲಿ ನಿಲ್ಲುತ್ತವೆಯೇ? ಆದ್ದರಿಂದ ಅವಧಿ ಮುಗಿಯುವ ಹೊತ್ತಿಗೆ ಹಣ ಸಾಲದೆ ಮತ್ತೆ ಮತದಾರರ ಬಾಗಿಲು ತಟ್ಟಬೇಕಾಗುತ್ತದೆ. ಸಿಯಾಟಲ್‌ನಂಥ ಸಿರಿವಂತ ಊರಿಗೆ 25 ಸೆಂಟ್ ಸಾಕು. ಮನೆಗಳೇ ವಿರಳವಾದ, ಇದ್ದರೂ ಬೆಲೆ ಇಲ್ಲದ ಹಳ್ಳಿಗಾಡಿನ ಕೌಂಟಿಯಲ್ಲಿ 50 ಸೆಂಟ್ ಹಾಕಿದರೂ ಒಂದು ಗಾಡಿ ನಡೆಸುವಷ್ಟು ಹುಟ್ಟುವುದಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ನಮ್ಮ ಗುಡ್ಡಗಳಿಗೆ ಬಂದಾಗ ಮತ್ತೆ ಬೇಕಾಗುತ್ತದೆ.

ಈಗ ನನ್ನ ಮನೆಯ ಕಟ್ಟಡ ತೆರಿಗೆ ರಶೀದಿಯನ್ನು ನೋಡೋಣ. ಮಲಯಾಳದಲ್ಲಿದೆ; ಕನ್ನಡದಲ್ಲಿ ಕೊಡಿ ಎಂದು ಕೇಳಿ ಕೇಳಿ ನನ್ನ ಬಾಯಿ ಒಣಗಿದೆ, ಅದು ಬೇರೆ ವಿಷಯ. ತೆರಿಗೆ 860 ರೂಪಾಯಿ. ಅದರ ಕೆಳಗೆ ಒಂದು ಪುಟ್ಟ ಸಾಲು, ಗ್ರಂಥಶಾಲಾ ಸೆಸ್ 43 ರೂಪಾಯಿ. ಕಟ್ಟಡ ತೆರಿಗೆಯ ಪ್ರತಿ ರೂಪಾಯಿಗೆ ಐದು ಪೈಸೆಯಂತೆ ಗ್ರಂಥಾಲಯಗಳಿಗೆ ಎತ್ತಿಡಬೇಕೆಂದು ಕೇರಳದ 1989ರ ಗ್ರಂಥಾಲಯ ಕಾಯಿದೆ ಹೇಳುತ್ತದೆ. ಓದದವನೂ ಕೊಡುತ್ತಾನೆ, ಗೊಣಗಿದವರನ್ನು ನಾನು ಕಂಡಿಲ್ಲ. ಬಹುಶಃ ಆ ಸಾಲನ್ನು ಯಾರೂ ಓದುವುದಿಲ್ಲ. ಬೆಂಗಳೂರಿನ ಆಸ್ತಿ ತೆರಿಗೆಯಲ್ಲಿ ಇಂಥ ಬಾಲಗಳು ಇನ್ನೂ ಉದ್ದ. ಆರೋಗ್ಯ ಉಪಕರ ನೂರಕ್ಕೆ 15, ಗ್ರಂಥಾಲಯಕ್ಕೆ 6, ಭಿಕ್ಷುಕರ ಪರಿಹಾರಕ್ಕೆ 3. ಆ ಹದಿನೈದರಲ್ಲಿ ತಮ್ಮ ಬೀದಿಯ ಆಂಬ್ಯುಲೆನ್ಸಿಗೆ ಎಷ್ಟು ಹೋಯಿತೆಂದು ಬೆಂಗಳೂರಿನ ನನ್ನ ನೆಂಟರಲ್ಲಿ ಕೇಳಿ ನೋಡಿದೆ. ನಕ್ಕುಬಿಟ್ಟರು. ಹೆಸರಿಗೆ ಉಪಕರ ಹಾಕುವುದು ಬೇರೆ, ಅದರ ಬೆನ್ನು ಹತ್ತಿ ಹೋಗಿ ವಸ್ತುವನ್ನು ಮುಟ್ಟಿ ನೋಡುವುದು ಬೇರೆ.

ಇನ್ನೊಂದು ಉದಾಹರಣೆ ನಮ್ಮ ಅಂಗಳಕ್ಕೇ ಬರುತ್ತದೆ. ಹರಿತ ಕರ್ಮ ಸೇನೆಯ ಹೆಂಗಸರು ತಿಂಗಳಿಗೊಮ್ಮೆ ಪ್ಲಾಸ್ಟಿಕ್ ಒಯ್ಯಲು ಬಂದಾಗ 50 ರೂಪಾಯಿ ಕೊಡುತ್ತೇವೆ, ವರ್ಷಕ್ಕೆ 600. ಮೊದಮೊದಲು ಎಷ್ಟು ಜಗಳ! ನಮ್ಮ ಪ್ಲಾಸ್ಟಿಕ್ಕನ್ನು ನಾವೇ ಸುಡುತ್ತೇವೆ, ನಿಮಗೇಕೆ ದುಡ್ಡು ಎಂದವರೇ ಹೆಚ್ಚು. ಈಗ ಗೇಟಿಗೆ ಅಂಟಿಸಿದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ರಶೀದಿ ಪಡೆಯುತ್ತೇವೆ. ಕೊಡದಿದ್ದರೆ ಬಾಕಿಯನ್ನು ಕಟ್ಟಡ ತೆರಿಗೆಯೊಂದಿಗೆ ವಸೂಲು ಮಾಡಲು ಕಾನೂನನ್ನೂ ತಿದ್ದಿದರು. ಜನ ಒಗ್ಗಿಕೊಂಡದ್ದಕ್ಕೆ ಕಾರಣ ಕಾನೂನಲ್ಲ, ಆ ಹೆಂಗಸರು ಪ್ರತಿ ತಿಂಗಳು ಬಂದದ್ದು.

ಹಾಗಾದರೆ ಆಂಬ್ಯುಲೆನ್ಸಿಗೆ ಎಷ್ಟು ಬೇಕು? ಲೆಕ್ಕಕ್ಕೆಂದು ಒಂದು ಗಾಡಿ ಹಿಡಿಯೋಣ. ಇಪ್ಪತ್ತನಾಲ್ಕು ಗಂಟೆ ನಡೆಯಬೇಕಾದರೆ ಮೂರು ಪಾಳಿ, ರಜೆಗೆ ಒಬ್ಬರು ಹೆಚ್ಚು. ನಾಲ್ವರು ಚಾಲಕರು, ನಾಲ್ವರು ಇಎಂಟಿಗಳು. ತಲಾ 20,000 ರೂಪಾಯಿ ಎಂದರೆ ತಿಂಗಳಿಗೆ 1.6 ಲಕ್ಷ, ವರ್ಷಕ್ಕೆ 19.2 ಲಕ್ಷ. ಡೀಸೆಲ್, ಟೈರು, ವಿಮೆ, ಆಕ್ಸಿಜನ್, ರಿಪೇರಿ ಸೇರಿ ಆರು ಲಕ್ಷ. ಒಟ್ಟು ಸುಮಾರು 25 ಲಕ್ಷ. ಗಾಡಿಯ ಬೆಲೆ ಇದರಲ್ಲಿಲ್ಲ, ಅದಕ್ಕೆ ದಾನಿಗಳಿದ್ದಾರೆ.

ಇನ್ನು ಆದಾಯ. ಕೇರಳದಲ್ಲಿ 2023ರ ಏಪ್ರಿಲಿನಿಂದ ಪಂಚಾಯತು ಪ್ರದೇಶದ ಸಾಮಾನ್ಯ ಮನೆಗಳಿಗೆ ಚದರ ಮೀಟರಿಗೆ 6ರಿಂದ 10 ರೂಪಾಯಿಯ ನಡುವೆ ತೆರಿಗೆ, ವರ್ಷವರ್ಷ ನೂರಕ್ಕೆ ಐದರ ಏರಿಕೆ. ವಾಸವಿರುವ 60 ಚದರ ಮೀಟರಿನ ಒಳಗಿನ ಮನೆಗಳಿಗೆ ವಿನಾಯಿತಿ. ಒಂದು ಪಂಚಾಯತಿನಲ್ಲಿ ತೆರಿಗೆ ಕಟ್ಟುವ ಐದು ಸಾವಿರ ಮನೆಗಳಿದ್ದು, ತಲಾ 800 ರೂಪಾಯಿ ಬಂದರೆ 40 ಲಕ್ಷ. ಗ್ರಂಥಾಲಯದ ಹಾಗೆ ನೂರಕ್ಕೆ ಐದು ಉಪಕರ ಹಾಕಿದರೆ ಕೈಗೆ ಬರುವುದು ಎರಡು ಲಕ್ಷ. ಗಾಡಿ ಒಂದು ತಿಂಗಳು ನಡೆದೀತು, ಉಳಿದ ಹನ್ನೊಂದು ತಿಂಗಳು ಕ್ಲಬ್ಬಿನ ಪಕ್ಕದಲ್ಲಿ ನಿಲ್ಲಬೇಕಾದೀತು.

ಇಲ್ಲಿಗೆ ಲೆಕ್ಕ ಕೈಬಿಡಬಾರದು. ಗ್ರಾಮ ಪಂಚಾಯತಿಗೂ ಜಿಲ್ಲಾ ಪಂಚಾಯತಿಗೂ ನಡುವಿನ ಹಂತ ಬ್ಲಾಕು. ಮಂಜೇಶ್ವರ ಬ್ಲಾಕಿನಲ್ಲಿ ಏಳು ಪಂಚಾಯತುಗಳಿವೆ: ಮಂಜೇಶ್ವರ, ವರ್ಕಾಡಿ, ಮೀಂಜ, ಮಂಗಲ್ಪಾಡಿ, ಪೈವಳಿಕೆ, ಪುತ್ತಿಗೆ, ಎಣ್ಮಕಜೆ. ಏಳೂ ಸೇರಿ, ಐದರ ಬದಲು ಹತ್ತು ಹಾಕಿದರೆ 28 ಲಕ್ಷ. ಒಂದು ಗಾಡಿ ಹಗಲು ರಾತ್ರಿ ನಡೆದು ಮೂರು ಲಕ್ಷ ಉಳಿಯುತ್ತದೆ. ಮನೆಯೊಂದಕ್ಕೆ ವರ್ಷಕ್ಕೆ 80 ರೂಪಾಯಿ. ಇಬ್ಬರು ಹೋಟೆಲಿಗೆ ಹೋಗಿ ಗೋಳಿಬಜೆ ತಿಂದು ಚಹಾ ಕುಡಿದರೆ ಅಷ್ಟಾಗುತ್ತದೆ. ಬಾಕಿದಾರರು, ಬೀಗ ಹಾಕಿದ ಮನೆಗಳು, ಕೋರ್ಟಿನಲ್ಲಿರುವ ತಕರಾರುಗಳನ್ನು ಕಳೆದರೆ ಅಂಕಿ ಇಳಿಯುತ್ತದೆ, ಅಂಗಡಿ ಮತ್ತು ಆಡಿಟೋರಿಯಂಗಳ ತೆರಿಗೆ ಸೇರಿಸಿದರೆ ಏರುತ್ತದೆ. ಹೇಗೆ ಹಿಡಿದರೂ, ಒಬ್ಬೊಬ್ಬರೇ ಮಾಡಲಾಗದ್ದನ್ನು ಏಳು ಮಂದಿ ಸೇರಿದರೆ ಮಾಡಬಹುದು.

ಆದರೆ ನಮ್ಮ ಕಟ್ಟಡ ತೆರಿಗೆಯಲ್ಲಿ ಅಮೆರಿಕದಲ್ಲಿಲ್ಲದ ಒಂದು ಓರೆ ಇದೆ. ಅಲ್ಲಿ ಆಸ್ತಿಯೆಂದರೆ ನೆಲವೂ ಮನೆಯೂ ಸೇರಿ. ಇಲ್ಲಿ ಪಂಚಾಯತಿನ ಕೈಗೆ ಸಿಗುವುದು ಕಟ್ಟಡ ಮಾತ್ರ. ನೆಲದ ತೆರಿಗೆಯನ್ನು ವಿಲೇಜ್ ಆಫೀಸಿನಲ್ಲಿ ಕಟ್ಟುತ್ತೇವೆ, ಅದು ರಾಜ್ಯದ ಬೊಕ್ಕಸಕ್ಕೆ ಹೋಗುತ್ತದೆ. 2025ರ ಬಜೆಟ್ಟಿನಲ್ಲಿ ಅದನ್ನು ನೂರಕ್ಕೆ ಐವತ್ತರಷ್ಟು ಏರಿಸಿದರು, ಆ ಏರಿಕೆಯೂ ಪಂಚಾಯತಿಗೆ ಸಿಗುವಂಥದ್ದಲ್ಲ. ಪರಿಣಾಮ ನೋಡಿ. ಹತ್ತು ಎಕರೆ ಅಡಿಕೆ ತೋಟದ ನಡುವೆ ಅಜ್ಜನ ಕಾಲದ ಹಂಚಿನ ಮನೆಯಲ್ಲಿರುವವರು ಪಂಚಾಯತಿಗೆ ಕೊಡುವುದಕ್ಕಿಂತ, ಕೊಲ್ಲಿಯಲ್ಲಿ ಬೆವರು ಹರಿಸಿ ಐದು ಸೆಂಟ್ಸ್ ಜಾಗದಲ್ಲಿ ಎರಡು ಮಾಳಿಗೆಯ ಮನೆ ಕಟ್ಟಿಸಿದವನು ಹೆಚ್ಚು ಕೊಡುತ್ತಾನೆ. ಅವನ ಮನೆಗೆ ಬೀಗ, ಆಂಬ್ಯುಲೆನ್ಸ್ ಬೇಕಾಗುವುದು ಹಂಚಿನ ಮನೆಯ ಅಜ್ಜನಿಗೆ. ನಾನೇ ಹಂಚಿನ ಮನೆಯವನಾದ್ದರಿಂದ ಇದನ್ನು ಸಂಕೋಚದಿಂದಲೇ ಬರೆಯುತ್ತಿದ್ದೇನೆ.

ಇದಕ್ಕಿಂತ ದೊಡ್ಡ ಅನ್ಯಾಯ ಪಂಚಾಯತು ಪಂಚಾಯತುಗಳ ನಡುವಿನದು. ಹೆದ್ದಾರಿಯ ಮಗ್ಗುಲಿನ ಮಂಗಲ್ಪಾಡಿಯಲ್ಲಿ ಅಂಗಡಿ ಸಾಲುಗಳಿವೆ, ಫ್ಲ್ಯಾಟುಗಳಿವೆ. ಒಳನಾಡಿನ ಬೆಳ್ಳೂರು, ಕುಂಬಡಾಜೆ, ದೇಲಂಪಾಡಿಗಳಲ್ಲಿ ತೋಟ, ಕಾಡು, ಗುಡ್ಡ. ಆಸ್ಪತ್ರೆ ದೂರವಿದ್ದಷ್ಟೂ ತೆರಿಗೆ ಕಟ್ಟುವ ಕಟ್ಟಡಗಳು ಕಡಿಮೆ, ಗಾಡಿಯ ಅಗತ್ಯ ಹೆಚ್ಚು. ಅಮೆರಿಕದ ಹಳ್ಳಿಗಾಡಿನ ಕೌಂಟಿಗಳು ಮುಗ್ಗರಿಸಿದ್ದೂ ಇಲ್ಲಿಯೇ. ಆದ್ದರಿಂದ ಪಂಚಾಯತಿನ ಗಡಿಯೊಳಗೆ ಎತ್ತಿ ಅಲ್ಲೇ ಖರ್ಚು ಮಾಡುವ ಉಪಕರವನ್ನು ನಾನು ಒಪ್ಪುವುದಿಲ್ಲ. ಎತ್ತುವುದು ಪಂಚಾಯತು, ಕೂಡಿಡುವುದು ಬ್ಲಾಕು, ಗಾಡಿ ನಿಲ್ಲುವುದು ಬ್ಲಾಕಿನ ಅತಿ ದೂರದ ಮೂಲೆಯ ಲೆಕ್ಕ ಹಿಡಿದು ಎಂದಿರಬೇಕು. ಮಂಗಲ್ಪಾಡಿಯವರು ತಮ್ಮ ದುಡ್ಡಿನ ಗಾಡಿ ಪೈವಳಿಕೆಯಲ್ಲೇಕೆ ನಿಂತಿದೆ ಎಂದು ಕೇಳಿಯೇ ಕೇಳುತ್ತಾರೆ. ಉತ್ತರ ಸಿದ್ಧವಿರಬೇಕು: ಹೆದ್ದಾರಿಯಲ್ಲಿ ಅಪಘಾತವಾದರೆ ಖಾಸಗಿ ಗಾಡಿಗಳು ತಾವಾಗಿ ಓಡಿಬರುತ್ತವೆ, ಪೈವಳಿಕೆಯ ಒಳದಾರಿಗೆ ಬರುವುದಿಲ್ಲ.

ಕಾನೂನಿನ ತೊಡಕು ಇಲ್ಲಿ ಎದುರಾಗುತ್ತದೆ. ಕೇರಳದಲ್ಲಿ ತೆರಿಗೆ ಹಾಕುವ ಅಧಿಕಾರ ಗ್ರಾಮ ಪಂಚಾಯತಿಗೆ ಮಾತ್ರ ಇದೆ, ಬ್ಲಾಕಿಗೂ ಜಿಲ್ಲಾ ಪಂಚಾಯತಿಗೂ ಇಲ್ಲ. ಗ್ರಾಮ ಪಂಚಾಯತು ಹಾಕುವುದೂ ರಾಜ್ಯದ ಕಾಯಿದೆ ತೆರೆದ ಬಾಗಿಲಿನಿಂದಲೇ. ಆಸ್ತಿ ತೆರಿಗೆ, ಸೇವಾ ಉಪಕರ ಮತ್ತು ಅಧಿಭಾರಗಳ ಬಗ್ಗೆ 2011ರ ನಿಯಮಗಳಿವೆ. ಸೇವಾ ಉಪಕರ ಎಂದರೆ ನೈರ್ಮಲ್ಯ, ಕುಡಿಯುವ ನೀರು, ದಾರಿದೀಪದಂಥವುಗಳಿಗೆ. ತುರ್ತು ವೈದ್ಯಕೀಯ ಸೇವೆಗೆಂದು ಗ್ರಂಥಾಲಯ ಸೆಸ್ಸಿನಂತೆ ಸ್ವಂತ ಹೆಸರಿನ ಸಾಲು ಬೇಕಾದರೆ ವಿಧಾನಸಭೆಯೇ ಮನಸ್ಸು ಮಾಡಬೇಕು. ಸಂವಿಧಾನದಲ್ಲಿ ಅಡ್ಡಿಯೇನಿಲ್ಲ. ಹನ್ನೊಂದನೇ ಅನುಸೂಚಿಯಲ್ಲಿ ಆರೋಗ್ಯ ಪಂಚಾಯತಿಗೆ ವಹಿಸಬಹುದಾದ ವಿಷಯ, ಕೇರಳವಂತೂ ತೊಂಬತ್ತರ ದಶಕದಲ್ಲೇ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಪಂಚಾಯತುಗಳ ಕೈಗೆ ಕೊಟ್ಟಿದೆ. ಅಷ್ಟರವರೆಗೆ ಏಳು ಪಂಚಾಯತುಗಳು ತಮ್ಮ ಸ್ವಂತ ನಿಧಿಯಿಂದ ಜಂಟಿ ಯೋಜನೆಯಾಗಿ ಪಾಲು ಹಾಕಬಹುದು. ಹೊಸತೇನಲ್ಲ. ಹಾಸಿಗೆ ಹಿಡಿದ ರೋಗಿಗಳ ಮನೆಗೆ ಹೋಗುವ ಪಾಲಿಯೇಟಿವ್ ಗಾಡಿ ಹಾಗೆಯೇ ನಡೆಯುತ್ತಿದೆ. ಕೇರಳ 2008ರಲ್ಲಿ ಪಾಲಿಯೇಟಿವ್ ನೀತಿ ತಂದ ಮೇಲೆ ನರ್ಸಿನ ವೇತನವೂ ಗಾಡಿಯ ಬಾಡಿಗೆಯೂ ಪಂಚಾಯತಿನ ವಾರ್ಷಿಕ ಯೋಜನೆಯೊಳಗೆ ಸೇರಿದವು. ನಮ್ಮ ನೆರೆಮನೆಯ ಅಕ್ಕನಿಗೆ ಟ್ಯೂಬ್ ಬದಲಿಸಲು ಆ ನರ್ಸ್ ಬರುವ ದಿನ ಗಡಿಯಾರ ಸರಿಮಾಡಿಕೊಳ್ಳಬಹುದು. ಅದಕ್ಕೆ ದಾನಿಯ ಸ್ಟಿಕ್ಕರಿಲ್ಲ.

ಹಣ ಇಲ್ಲ ಎಂಬ ಮಾತನ್ನು ಕೋರ್ಟು ಒಪ್ಪುವುದಿಲ್ಲ ಎಂಬುದೂ ಗೊತ್ತಿರಬೇಕು. ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದ ಕೃಷಿ ಕೂಲಿಯೊಬ್ಬನನ್ನು ಕೋಲ್ಕತ್ತದ ಸರಕಾರಿ ಆಸ್ಪತ್ರೆಗಳು ಒಂದಾದ ಮೇಲೊಂದು ಹೊರಗೆ ಕಳುಹಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ತೀರ್ಪು ಕೊಟ್ಟಿತು. ತುರ್ತು ಚಿಕಿತ್ಸೆ ಬದುಕುವ ಹಕ್ಕಿನ ಭಾಗ, ಹಣಕಾಸಿನ ಅಡಚಣೆ ನೆಪವಾಗದು ಎಂದಿತು. ರಸ್ತೆ ಅಪಘಾತದ ಗಾಯಾಳುಗಳಿಗೆ ಏಳು ದಿನ, 1.5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆಯ ಕೇಂದ್ರ ಯೋಜನೆ 2025ರ ಮೇ ತಿಂಗಳಲ್ಲಿ ಬಂದಿದೆ. ಒಳ್ಳೆಯದೇ. ಆದರೆ ಅದು ಆಸ್ಪತ್ರೆ ಮುಟ್ಟಿದ ಮೇಲಿನ ಬಿಲ್ಲು.

ಗಡಿಯ ಮಾತು ಬಿಟ್ಟರೆ ಕಾಸರಗೋಡಿನ ಲೆಕ್ಕ ಪೂರ್ತಿಯಾಗದು. ಉಕ್ಕಿನಡ್ಕದ ಸರಕಾರಿ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಕಲ್ಲು ಹಾಕಿದರು, ಹೊರರೋಗಿ ವಿಭಾಗ ತೆರೆದದ್ದು 2022ರಲ್ಲಿ. ಗಟ್ಟಿ ಪೆಟ್ಟು ಬಿದ್ದರೆ ನಮ್ಮ ಗಾಡಿಗಳು ಈಗಲೂ ಮುಖ ಮಾಡುವುದು ದೇರಳಕಟ್ಟೆಗೆ, ಮಂಗಳೂರಿಗೆ, ದೇಲಂಪಾಡಿಯವರಾದರೆ ಸುಳ್ಯಕ್ಕೆ ಅಥವಾ ಪುತ್ತೂರಿಗೆ. 2020ರ ಮಾರ್ಚಿನಲ್ಲಿ ಕೋವಿಡ್ ಬಂತೆಂದು ಕರ್ನಾಟಕ ತಲಪಾಡಿಯ ಗಡಿ ಗೇಟನ್ನು ಮುಚ್ಚಿ ಒಳದಾರಿಗಳಿಗೆ ಮಣ್ಣು ಸುರಿದಾಗ ಆಂಬ್ಯುಲೆನ್ಸುಗಳು ಗಡಿಯಿಂದ ಹಿಂತಿರುಗಿದವು, ಚಿಕಿತ್ಸೆ ಸಿಗದೆ ಹಲವರು ತೀರಿಕೊಂಡರು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ರೋಗಿಗಳಿಗೆ ದಾರಿ ತೆರೆಯಬೇಕೆಂದು ಆದೇಶ ಮಾಡಿತು, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು, ರೋಗಿಗಳ ಸಾಗಾಟಕ್ಕೆ ಎರಡೂ ರಾಜ್ಯಗಳು ನಿಯಮ ಒಪ್ಪಿಕೊಂಡಿವೆಯೆಂದು ಏಪ್ರಿಲ್ 7ರಂದು ಕೇಂದ್ರ ಅಲ್ಲಿ ತಿಳಿಸಿತು. 80 ರೂಪಾಯಿಯ ಉಪಕರದಿಂದ ಗಾಡಿ ಬರುತ್ತದೆ, ತಲಪಾಡಿಯ ಗೇಟು ತೆರೆಯುವುದಿಲ್ಲ. ಮಂಜೇಶ್ವರದ ಗಾಡಿಯಲ್ಲಿ ಹೊರಟ ರೋಗಿಗೆ ಮಂಗಳೂರಿನಲ್ಲಿ ಹಾಸಿಗೆ ಕಾದಿರಿಸುವ ಒಪ್ಪಂದ ಎರಡು ಸರಕಾರಗಳ ನಡುವೆ ಆಗಬೇಕು, ಕಾಗದದಲ್ಲಿ ಆಗಬೇಕು.

ಊರ ಗಾಡಿಗೆ ಊರ ದುಡ್ಡು ಎಂಬುದರಲ್ಲಿ ನನಗೆ ಕಾಣುವ ಇನ್ನೊಂದು ಲಾಭವನ್ನು ಯಾವ ಲೆಕ್ಕಪತ್ರವೂ ತೋರಿಸದು. 108ಕ್ಕೆ ಒತ್ತಿದರೆ ಕರೆ ಹೋಗುವುದು ತಿರುವನಂತಪುರದ ಕೇಂದ್ರಕ್ಕೆ. ಗಡಿಯ ಕುಂಜತ್ತೂರಿನಲ್ಲಿ ಮೊಬೈಲ್ ಕರ್ನಾಟಕದ ಟವರ್ ಹಿಡಿದಿದ್ದರೆ ಬೇರೆ ರಾಜ್ಯಕ್ಕೇ ಹೋದೀತು. ತುಳು ಮತ್ತು ಕನ್ನಡ ಬಿಟ್ಟರೆ ಬೇರೆ ಬಾರದ ಅಜ್ಜಿ, ಗಂಡ ನೆಲಕ್ಕೆ ಬಿದ್ದಿರುವಾಗ, ದಾರಿಯ ಗುರುತನ್ನು ಯಾವ ಭಾಷೆಯಲ್ಲಿ ಹೇಳಬೇಕು? ಕಟ್ಟೆಯ ಪಕ್ಕದ ಇಳಿಜಾರು, ಮೊದಲು ಸಿಗುವ ಪಂಪ್‌ಶೆಡ್ಡು, ಅಲ್ಲಿಂದ ಎಡಕ್ಕೆ ಎಂದರೆ ಬ್ಲಾಕಿನ ಗಾಡಿಯ ಚಾಲಕನಿಗೆ ತಿಳಿಯುತ್ತದೆ.

ಕಳೆದ ತಿಂಗಳು ನಮ್ಮ ವಾರ್ಡಿನ ಗ್ರಾಮಸಭೆಯಲ್ಲಿ ಇದನ್ನು ಎತ್ತಿದೆ. 2025ರ ಡಿಸೆಂಬರಿನ ಚುನಾವಣೆಯಲ್ಲಿ ಬಂದ ಹೊಸ ಸದಸ್ಯರು ಗಮನವಿಟ್ಟೇ ಕೇಳಿದರು. ನೂರಕ್ಕೆ ಹತ್ತು ಮತದಾರರ ಕೋರಂ ತುಂಬಲು ಆಗಲೇ ಒಂದು ಗಂಟೆ ಹೋಗಿತ್ತು, ದಾರಿದೀಪದ ಜಗಳಕ್ಕೆ ಇನ್ನೊಂದು ಗಂಟೆ. ಹಿಂದಿನ ಸಾಲಿನಲ್ಲಿದ್ದ ಒಬ್ಬರು, ಇನ್ನೂ ಒಂದು ತೆರಿಗೆಯೋ ಎಂದರು. ಮುಂದಿನ ಸಾಲಿನ ಹೆಂಗಸೊಬ್ಬರು, ಗಾಡಿ ಬರುವುದಾದರೆ ನೂರು ಕೊಡುತ್ತೇನೆ, ಬಾರದಿದ್ದರೆ ಆ 43 ಕೂಡ ವಾಪಸು ಕೊಡಿ ಎಂದರು. ಅವರಾದರೂ ರಶೀದಿಯ ಸಾಲುಗಳನ್ನು ಓದುತ್ತಾರೆಂದು ಸಂತೋಷವಾಯಿತು.

ಮರುದಿನ ತೆರಿಗೆ ಕಟ್ಟುವ ಕೌಂಟರಿನಲ್ಲಿ ಗುಮಾಸ್ತರಿಗೆ ನನ್ನ ರಶೀದಿ ತೋರಿಸಿ, ಗ್ರಂಥಾಲಯದ ಸಾಲಿನ ಕೆಳಗೆ ಆಂಬ್ಯುಲೆನ್ಸಿಗೆಂದು ಇನ್ನೊಂದು ಸಾಲು ಸೇರಿಸಿ ನಾನಾಗಿ 80 ರೂಪಾಯಿ ಕಟ್ಟಬಹುದೇ ಎಂದು ಕೇಳಿದೆ. ಅವರು ತಮಾಷೆ ಎಂದುಕೊಳ್ಳಲಿಲ್ಲ. ಕಂಪ್ಯೂಟರನ್ನು ನನ್ನ ಕಡೆಗೆ ತಿರುಗಿಸಿ, ತೆರಿಗೆ ಕಟ್ಟಿಸಿಕೊಳ್ಳುವ ಕೆಸ್ಮಾರ್ಟ್ ತಂತ್ರಾಂಶದ ಪುಟವನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ಸರಿಸಿ ತೋರಿಸಿ, ಇದರಲ್ಲಿ ಅದಕ್ಕೆ ಕಾಲಂ ಇಲ್ಲ ಮಾಷ್ಟ್ರೇ ಎಂದರು.